ನೀಲಿ ಗೆರೆಯೊಳಗಿನ ಜಾಗ

ನಮ್ಮ ಅತ್ತೆ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನು ಯಾವತ್ತು ಬಿಟ್ಟರೋ ನನಗೆ ಸರಿಯಾಗಿ ನೆನಪಿಲ್ಲ. ಹೊಳೆ ಬಂದು ಹೋದ ಮೇಲೆ, ದಸರೆಗೆ ಮೊದಲು, ಅಷ್ಟು ಮಾತ್ರ ಹೇಳಬಲ್ಲೆ. ರಾತ್ರಿ ಊಟಕ್ಕೆ ಕುಳಿತಾಗ ನೀರಿನ ತಂಬಿಗೆ ಮುಂದಿಟ್ಟರೆ ಬೆರಳಿನಿಂದ ಆಚೆ ಸರಿಸುತ್ತಿದ್ದರು. ರೊಟ್ಟಿ ಒಣಗಿದ್ದರೂ ಪಲ್ಯದ ರಸದಲ್ಲಿ ಅದ್ದಿ ನುಂಗುತ್ತಿದ್ದರು. "ಯಾಕ್ರಿ ಅತ್ತಿ, ನೀರು ಕುಡೀರಿ" ಎಂದರೆ "ನೀರಡಿಕಿ ಇಲ್ಲವ್ವ" ಎನ್ನುತ್ತಿದ್ದರು. ನಾನೂ ನಂಬಿದೆ. ಮನೆಯಲ್ಲಿ ಮಾಡುವ ಕೆಲಸ ಬಹಳವಿತ್ತು, ನಂಬುವುದು ಸುಲಭವಿತ್ತು.

ನಾವಿರುವುದು ಪುಣೆಯ ಯೆರವಡಾ ಕಡೆ, ನದಿಗೆ ಇಳಿಯುವ ದಿಬ್ಬದ ಮೇಲಿನ ಒಂದು ವಸ್ತಿಯಲ್ಲಿ. ಅರ್ಧ ಜನ ಯಾದಗಿರಿ, ಕಲಬುರಗಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಇನ್ನರ್ಧ ಮರಾಠವಾಡದವರು. ಒಂದೊಂದೇ ಕೋಣೆಯ ಮನೆಗಳು. ಎದುರಿಗೆ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದಂಥ ಗಲ್ಲಿಗಳು. ಮನೆಯೊಳಗೆ ಸಂಡಾಸ ಯಾರಿಗೂ ಇಲ್ಲ. ದಿಬ್ಬದ ಕೆಳಗೆ, ಹೊಳೆಯ ಅಂಚಿಗೆ, ಸರಕಾರದ ಸಾರ್ವಜನಿಕ ಸಂಡಾಸ ಇತ್ತು. ಎಡಕ್ಕೆ ಗಂಡಸರದು, ಬಲಕ್ಕೆ ಹೆಂಗಸರದು. ನಮ್ಮ ಬಾಗಿಲಿನಿಂದ ನಲವತ್ತು ಹೆಜ್ಜೆ.

ಅದು ನಮ್ಮ ಅತ್ತೆಯದೇ ಸಂಡಾಸ ಎಂದು ವಸ್ತಿಯ ಹಳಬರು ತಮಾಷೆ ಮಾಡುತ್ತಿದ್ದರು. ಅತ್ತೆ ಮದುವೆಯಾದ ಹೊಸದರಲ್ಲಿ ಇಲ್ಲಿಗೆ ಬಂದ ಕಾಲಕ್ಕೆ ಹೆಂಗಸರೆಲ್ಲ ಸೂರ್ಯ ಹುಟ್ಟುವ ಮೊದಲೇ ಹೊಳೆಯ ದಂಡೆಗೆ ಹೋಗಿ ಬರಬೇಕಿತ್ತು. ಒಂದು ಸಲ ಅಲ್ಲಿ ಒಬ್ಬಳಿಗೆ ಹಾವು ಕಚ್ಚಿತು. ಅದಾದ ಮೇಲೆ ಇವರು ಹದಿನೈದಿಪ್ಪತ್ತು ಹೆಂಗಸರು ತಂಬಿಗೆ ಹಿಡಿದುಕೊಂಡು ಹೋಗಿ ವಾರ್ಡ್ ಕಚೇರಿಯ ಮೆಟ್ಟಿಲ ಮೇಲೆ ಮೂರು ದಿನ ಕುಳಿತರು. ಕಟ್ಟಡ ಮಂಜೂರಾದಾಗ ಅದರ ಕೆಲಸಕ್ಕೆ ಕೂಲಿಯಾಗಿ ಹೋದವರೂ ಇವರೇ. "ಅದರ ಪಾಯಕ್ಕ ನಾ ಕಲ್ಲು ಹೊತ್ತೀನಿ, ಹೊಟ್ಟ್ಯಾಗ ನಿನ್ನ ಗಂಡ ಇದ್ದ" ಎಂದು ನನಗೆ ಎಷ್ಟು ಸಲ ಹೇಳಿದ್ದಾರೋ. ಮೊಣಕಾಲು ಹಿಡಿದ ಮೇಲೆ ಅವರಿಗೆ ಕುಕ್ಕರಗಾಲಲ್ಲಿ ಕುಳಿತು ಏಳುವುದು ಕಷ್ಟವಾಯಿತು. ನಮ್ಮ ಮನೆಯವರು ಹೆಂಗಸರ ಕಡೆಯ ಮೊದಲ ಬಾಗಿಲೊಳಗೆ ಗೋಡೆಗೆ ಕಬ್ಬಿಣದ ಪೈಪು ಕೂಡಿಸಿ ಹಿಡಿಕೆ ಮಾಡಿಕೊಟ್ಟರು. ಆ ಬಾಗಿಲನ್ನು ಬೇರೆ ಯಾರೂ ಅವಸರಕ್ಕಲ್ಲದೆ ಬಳಸುತ್ತಿರಲಿಲ್ಲ.

ನಮ್ಮ ಮನೆಯವರದು ಟೈಲ್ಸ್ ಕೂಡಿಸುವ ಕೆಲಸ. ಹಡಪಸರದ ಕಡೆ ಏಳುವ ಎತ್ತರದ ಕಟ್ಟಡಗಳಲ್ಲಿ, ಹೆಚ್ಚಾಗಿ ಬಚ್ಚಲುಮನೆಗಳಲ್ಲಿ. ನಾನು ವಸ್ತಿಯ ಮೇಲ್ಭಾಗದ ಬಾಲವಾಡಿಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತೇನೆ. ಪಿಯುಸಿವರೆಗೆ ಕನ್ನಡದಲ್ಲಿ ಓದಿದವಳು, ಮರಾಠಿಯನ್ನು ಇಲ್ಲಿಗೆ ಬಂದ ಮೇಲೆ ಮಕ್ಕಳ ಜೊತೆ ಕಲಿತೆ. ಓದಲು ಬರೆಯಲು ಬರುತ್ತದೆಂದು ವಸ್ತಿಯ ಅರ್ಜಿಗಳನ್ನು ನಾನೇ ಬರೆಯುವುದು ರೂಢಿಯಾಯಿತು. ಆ ರೂಢಿಯೇ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು.

ಹೊಳೆ ಬಂದದ್ದು ಆಷಾಢದಲ್ಲಿ. ಮೇಲಿನ ಅಣೆಕಟ್ಟುಗಳು ತುಂಬಿ ನೀರು ಬಿಟ್ಟಿದ್ದರು, ಊರಲ್ಲೂ ಎರಡು ದಿನದಿಂದ ಮಳೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಚಹಾಕ್ಕೆ ಇಡುವ ಹೊತ್ತಿಗೆ ಪೊಲೀಸರ ಗಾಡಿ ಧ್ವನಿವರ್ಧಕದಲ್ಲಿ ಕೂಗುತ್ತ ಬಂತು. ಗ್ಯಾಸ್ ಆರಿಸಿ, ಕಾಗದಪತ್ರದ ಚೀಲ ಹಿಡಿದು, ಅತ್ತೆಯನ್ನು ನಡುವೆ ಹಿಡಿದುಕೊಂಡು ಮೇಲಿನ ಶಾಲೆಗೆ ಹತ್ತಿದೆವು. ಶಾಲೆಯ ಗ್ಯಾಲರಿಯಿಂದ ನೋಡಿದರೆ ಕೆಳಗಿನ ಗಲ್ಲಿಗಳಲ್ಲಿ ಕಂದು ನೀರು ನಿಧಾನವಾಗಿ ತಿರುಗುತ್ತಿತ್ತು. ನಮ್ಮ ಮನೆಯ ತಗಡಿನ ಚಾವಣಿ ಮಾತ್ರ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೆಳಗಿಂದ ಒಂದು ಸದ್ದು ಬಂತು, ಲಾರಿಯಿಂದ ಜಲ್ಲಿ ಸುರಿದ ಹಾಗೆ. ಯಾರದೋ ಮನೆ ಹೋಯಿತು ಎಂದುಕೊಂಡೆವು.

ಮೂರನೆಯ ದಿನ ಇಳಿದು ಹೋದಾಗ ಮನೆಗಳೆಲ್ಲ ನಿಂತಿದ್ದವು, ಮೊಣಕಾಲುದ್ದ ಕೆಸರಿನೊಂದಿಗೆ. ಹೋದದ್ದು ಸಂಡಾಸ. ಹೆಂಗಸರ ಕಡೆಯ ಭಾಗ ಬುಡಸಮೇತ ಹೊಳೆಗೆ ಜಾರಿತ್ತು. ಗಂಡಸರ ಕಡೆಯದು ನಿಂತಿತ್ತು, ಆದರೆ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು. ಒಳಚರಂಡಿಯ ದೊಡ್ಡ ಪೈಪು ಬಾಯಿ ತೆರೆದುಕೊಂಡು ಗಾಳಿಯಲ್ಲಿ ನೇತಾಡುತ್ತಿತ್ತು. ಅತ್ತೆ ಕೆಸರಲ್ಲಿ ನಿಂತು ನೋಡಿದರು. ಮನೆಗೆ ಬಂದು ಡಬ್ಬಿಗಳನ್ನು ತೊಳೆಯತೊಡಗಿದರು.

ಮನೆಗಳ ಪಂಚನಾಮೆ ಬೇಗ ಆಯಿತು. ಕಂದಾಯ ಇಲಾಖೆಯ ತಲಾಠಿ ಬಂದು ಒಂದೊಂದೇ ಬಾಗಿಲಲ್ಲಿ ನಿಂತು ಬರೆದುಕೊಂಡು ಹೋದರು. ಅಕ್ಕಿ, ಗೋದಿ, ಬೇಳೆ ಬಂತು. ಆಮೇಲೆ ಬ್ಯಾಂಕಿಗೆ ಸ್ವಲ್ಪ ಪರಿಹಾರವೂ ಬಂತು. ಬಂದದ್ದನ್ನು ಬಂದಿಲ್ಲ ಅನ್ನಬಾರದು. ಅದರ ಮರುವಾರ ಸರಕಾರಿ ಕಟ್ಟಡಗಳ ಹಾನಿ ಬರೆದುಕೊಳ್ಳಲು ಒಬ್ಬ ಹುಡುಗಿ ಬಂದಳು. ಜೂನಿಯರ್ ಇಂಜಿನಿಯರ್, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲವಂತೆ. ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ ಕೆಸರಿಗಿಳಿದು ಟೇಪು ಹಿಡಿದು ಅಳೆದಳು, ಫೋಟೊ ತೆಗೆದಳು. ಟೇಪಿನ ಇನ್ನೊಂದು ತುದಿಯನ್ನು ನಾನು ಹಿಡಿದಿದ್ದೆ. ಅವಳು ಮಾತಾಡಿದ್ದೆಲ್ಲ ಮರಾಠಿಯಲ್ಲಿ.

"ಪಾಯ ಎಷ್ಟು ಆಳ ಇತ್ತು, ಗೊತ್ತೇನು ಆಜಿ?" ಎಂದು ದಂಡೆಯ ಮೇಲೆ ನಿಂತಿದ್ದ ಅತ್ತೆಯನ್ನು ಕೇಳಿದಳು.

ಅತ್ತೆ ತಮ್ಮ ಎದೆಯ ಮಟ್ಟಕ್ಕೆ ಕೈ ಇಟ್ಟು ತೋರಿಸಿದರು. "ಇಷ್ಟು. ನಾನೇ ಇಳದಿದ್ದೆ ಅದರಾಗ" ಎಂದು ಕನ್ನಡದಲ್ಲೇ ಹೇಳಿದರು. ನಾನು ಮರಾಠಿ ಮಾಡಿ ಹೇಳಿದೆ. ಹುಡುಗಿ ನಕ್ಕು ಬರೆದುಕೊಂಡಳು.

ಹೋಗುವಾಗ, "ನಿಮ್ಮದು ಹಾನಿಯಾದ ಸಾರ್ವಜನಿಕ ಆಸ್ತಿಗಳ ಪಟ್ಟಿಯಲ್ಲಿ ಸೇರುತ್ತದೆ. ನೆರೆಹಾನಿಯ ಅನುದಾನ ರಾಜ್ಯ ಸರಕಾರದಿಂದ ಬರುತ್ತದೆ. ಬಂದ ಕೂಡಲೇ ಕಟ್ಟುತ್ತೇವೆ" ಎಂದಳು. ನನ್ನ ನಂಬರು ತೆಗೆದುಕೊಂಡಳು. ಅದರ ಮರುದಿನ ಕೂಲಿಗಳು ಬಂದು ಗಂಡಸರ ಕಡೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ 'ಅಪಾಯ' ಎಂದು ಬರೆದು ಬಾಗಿಲಿಗೆ ಬೀಗ ಜಡಿದು ಹೋದರು.

ಅಂದಿನಿಂದ ನಮ್ಮ ದಾರಿ ಬದಲಾಯಿತು. ದಿಬ್ಬ ಹತ್ತಿ, ದೊಡ್ಡ ರಸ್ತೆ ದಾಟಿ, ಮಾರ್ಕೆಟ್ಟಿನ ಹಿಂದಿರುವ ಸಂಡಾಸಕ್ಕೆ ಹೋಗಬೇಕು. ನನ್ನ ನಡಿಗೆಗೆ ಹದಿನೈದು ನಿಮಿಷ. ಅಲ್ಲಿ ಆಗಲೇ ಆ ಕಡೆಯ ಜನರ ಸಾಲು ಇರುತ್ತಿತ್ತು. ನಾವು ಹೋದರೆ "ಹೊಳೆಯವರು ಬಂದರು" ಎಂದು ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಕೆಲವರು ಜಾಗ ಬಿಡುತ್ತಿದ್ದರು, ಕೆಲವರು ಬಿಡುತ್ತಿರಲಿಲ್ಲ. ಅವರ ತಪ್ಪೂ ಅಲ್ಲ. ಅತ್ತೆಗೆ ಅಲ್ಲಿಗೆ ಮುಟ್ಟಲು ಅರ್ಧ ತಾಸು ಬೇಕು. ರಸ್ತೆ ದಾಟುವಾಗ ಗಾಡಿಗಳು ನಿಲ್ಲುವುದಿಲ್ಲ, ನಾನು ಕೈ ಅಡ್ಡ ಹಿಡಿದು ನಿಲ್ಲಿಸಬೇಕು. ಒಳಗೆ ಹಿಡಿಕೆ ಇಲ್ಲ. ಬಾಗಿಲು ಅರ್ಧ ತೆರೆದಿಟ್ಟು ಅವರ ಎರಡೂ ಕೈ ಹಿಡಿದು ಎಬ್ಬಿಸಬೇಕು. ಸಾಲಿನಲ್ಲಿ ನಿಂತವರು ಬೇರೆ ಕಡೆ ನೋಡುತ್ತಿದ್ದರು. ಅತ್ತೆ ಮೊದಲು ದಿನಕ್ಕೆ ಎರಡು ಸಲ ಬರುತ್ತಿದ್ದರು. ಆಮೇಲೆ ಬೆಳಿಗ್ಗೆ ಒಂದೇ ಸಲ. ಹೊಳೆ ಬಂದು ಹೋದ ಗದ್ದಲದಲ್ಲಿ ನಾನು ಅದನ್ನು ಗಮನಿಸಲಿಲ್ಲವೋ, ಅಥವಾ ಗಮನಿಸಿಯೂ ನನಗೆ ಒಂದು ಸಲದ ನಡಿಗೆ ತಪ್ಪಿತು ಎಂದು ಸುಮ್ಮನಿದ್ದೆನೋ. ಇದನ್ನು ಬರೆಯುವಾಗ ಎರಡನೆಯದೇ ನಿಜ ಅನಿಸುತ್ತದೆ.

ದೀಪಾವಳಿ ಆದ ಮೇಲೆ ಒಂದು ಸಂಚಾರಿ ಸಂಡಾಸ ಬಂತು. ಚಕ್ರದ ಮೇಲಿನ ಫೈಬರ್ ಡಬ್ಬಿಗಳು, ಬಾಲವಾಡಿಯ ಹತ್ತಿರ ತಂದು ನಿಲ್ಲಿಸಿದರು. ಅದಕ್ಕೆ ಕಬ್ಬಿಣದ ಏಣಿಯಂಥ ಮೆಟ್ಟಿಲು, ಒಂದೊಂದೂ ಒಂದೂವರೆ ಅಡಿ ಎತ್ತರ. ಅತ್ತೆ ಎರಡನೆಯ ಮೆಟ್ಟಿಲಿಗೆ ಕಾಲಿಡುವಾಗ ಮೊಣಕಾಲು ಹಿಡಿದು ಹಾಗೇ ಹಿಂದಕ್ಕೆ ವಾಲಿದರು. ನಾನೂ ಪಕ್ಕದ ಮನೆಯವಳೂ ಹಿಡಿದುಕೊಂಡೆವು. ಮತ್ತೆ ಅವರು ಅದರ ಹತ್ತಿರ ಹೋಗಲಿಲ್ಲ. ಉಳಿದವರಿಗಾದರೂ ಅದರಿಂದ ಅನುಕೂಲವಾಗಿತ್ತು. ಜ್ಯೇಷ್ಠದಲ್ಲಿ ಪಾಲಖಿಗಳು ಪುಣೆಗೆ ಬರುವ ಹೊತ್ತಿಗೆ ಒಂದು ಟ್ರ್ಯಾಕ್ಟರು ಬಂದು ಅದನ್ನು ಎಳೆದುಕೊಂಡು ಹೊರಟಿತು. ವಾರಕರಿಗಳಿಗೆ ಬೇಕು, ಆಮೇಲೆ ತಿರುಗಿ ತರುತ್ತೇವೆ ಎಂದರು. ಪಂಢರಪುರಕ್ಕೆ ಹೋಗುವವರ ಸೇವೆಗೆ ಬೇಡ ಅನ್ನುವುದು ಹೇಗೆ? ಯಾರೂ ಅನ್ನಲಿಲ್ಲ. ಪಾಲಖಿ ಹೋಯಿತು, ಏಕಾದಶಿ ಮುಗಿಯಿತು, ಅದು ತಿರುಗಿ ಬರಲಿಲ್ಲ.

ಅದೇ ತಿಂಗಳು ಆ ಹುಡುಗಿ ಫೋನು ಮಾಡಿದಳು. ದನಿಯಲ್ಲೇ ಸಂತೋಷ ಗೊತ್ತಾಯಿತು. "ತಾಈ, ಮಂಜೂರಾಗಿದೆ" ಎಂದಳು. ನಾನು ಬಾಲವಾಡಿ ಬಿಟ್ಟ ಕೂಡಲೇ ಮನೆಗೆ ಓಡಿದೆ. ಅತ್ತೆ ಬಾಗಿಲಲ್ಲಿ ಕುಳಿತು ಮೆಂತ್ಯ ಸೋಸುತ್ತಿದ್ದರು.

"ಅತ್ತಿ, ಸಂಡಾಸ ಮಂಜೂರಾತಂತ್ರಿ."

"ಖರೇನೇನ?"

"ಹೌದ್ರಿ. ಮೇಡಮ್ಮೇ ಫೋನ್ ಮಾಡಿದ್ರು."

ಅವರು ಸೊಪ್ಪನ್ನು ಪಕ್ಕಕ್ಕಿಟ್ಟರು. "ಹಂಗಾರ ಈ ಸಲ ಹಿಡಿಕಿ ಅವರಿಗೇ ಹಾಕಾಕ ಹೇಳು. ಎಲ್ಲಾ ಬಾಗಲದಾಗೂ ಹಾಕ್ಲಿ. ನಾ ಒಬ್ಬಾಕೇ ಅಲ್ಲ ಮುದುಕಿ ಆಗಾಕಿ" ಎಂದರು. ಸಂಜೆ ನಮ್ಮ ಮನೆಯವರು ಬಂದಾಗ ತಾಯಿ ಮಗ ಕುಳಿತು ಹಿಡಿಕೆ ಎಷ್ಟು ಎತ್ತರಕ್ಕಿರಬೇಕು ಎಂದು ಗೋಡೆಗೆ ಕೈ ಇಟ್ಟು ಮಾತಾಡಿದರು.

ಮಳೆಗಾಲ ಕಳೆದರೂ ಯಾರೂ ಕೆಲಸಕ್ಕೆ ಬರಲಿಲ್ಲ. ನಾನು ವಾರ್ಡ್ ಕಚೇರಿಗೆ ಹೋದೆ. ಹುಡುಗಿ ನನ್ನನ್ನು ಕಂಡು ಎದ್ದು ನಿಂತಳು, ಕುರ್ಚಿ ಎಳೆದು ಕೊಟ್ಟಳು. ಆಮೇಲೆ ಒಂದು ನಕಾಶೆಯನ್ನು ಮೇಜಿನ ಮೇಲೆ ಹರಡಿದಳು. ನದಿ, ನದಿಯ ಪಕ್ಕಕ್ಕೆ ಒಂದು ನೀಲಿ ಗೆರೆ.

"ಇದು ನೆರೆರೇಖೆ. ಹಿಂದೆ ಇಲ್ಲಿತ್ತು" ಎಂದು ಪೆನ್ನಿನ ತುದಿಯನ್ನು ನದಿಯ ಹತ್ತಿರ ಇಟ್ಟಳು. "ಈ ನೆರೆಯಾದ ಮೇಲೆ ಹೊಸದಾಗಿ ಅಳೆದರು. ಈಗ ಇಲ್ಲಿಗೆ ಬಂದಿದೆ." ಪೆನ್ನು ದಿಬ್ಬದ ನಡುವಿನವರೆಗೆ ಬಂತು. "ಈ ಗೆರೆಯೊಳಗೆ ಯಾವ ಹೊಸ ಕಟ್ಟಡವನ್ನೂ ಕಟ್ಟುವ ಹಾಗಿಲ್ಲ. ನಿಮ್ಮ ಸಂಡಾಸದ ಜಾಗ ಒಳಗೆ ಬಿದ್ದಿದೆ."

"ಹಾಗಾದರೆ ಮೇಲೆ ಕಟ್ಟಿರಿ. ಬಾಲವಾಡಿಯ ಪಕ್ಕದಲ್ಲಿ ಖಾಲಿ ಜಾಗ ಇದೆ" ಎಂದೆ. ಅಷ್ಟು ಸರಳವೆಂದೇ ನನಗೆ ಅನಿಸಿತ್ತು.

"ಅದನ್ನೇ ನಾನು ಬರೆದು ಕಳಿಸಿದೆ. ಈ ಅನುದಾನ ಹಾನಿಯಾದದ್ದನ್ನು ಮೊದಲಿದ್ದ ಹಾಗೆ ಮಾಡಲಿಕ್ಕೆ. ಇದ್ದ ಜಾಗದಲ್ಲೇ ಕಟ್ಟಬೇಕು. ಬೇರೆ ಕಡೆ ಕಟ್ಟಿದರೆ ಅದು ಹೊಸ ಕಾಮಗಾರಿ ಆಗುತ್ತದೆ, ಅದಕ್ಕೆ ಈ ಹಣ ಬರುವುದಿಲ್ಲ ಎಂದು ತಿರುಗಿ ಬಂತು." ಅವಳು ಆ ಕಾಗದವನ್ನೂ ತೋರಿಸಿದಳು. ನಾನು ಎರಡು ಸಲ ಓದಿದೆ. ಮರಾಠಿ ನನಗೆ ಸರಿಯಾಗಿ ಅರ್ಥವಾಗಿಲ್ಲವೇನೋ ಎಂದು ಮೂರನೆಯ ಸಲವೂ ಓದಿದೆ. ಅರ್ಥವಾಗಿತ್ತು.

"ಇದ್ದಲ್ಲಿ ಕಟ್ಟುವ ಹಾಗಿಲ್ಲ, ಇಲ್ಲದಲ್ಲಿ ಕಟ್ಟಿದರೆ ಹಣ ಇಲ್ಲ. ಹಾಗೇನು?"

ಅವಳು ನಕಾಶೆಯನ್ನು ಮಡಚಿದಳು. "ಹಾಗೇ ತಾಈ" ಎಂದಳು.

"ನಮ್ಮ ಮನೆ?"

"ಅದೂ ಗೆರೆಯೊಳಗೇ ಇದೆ. ಮನೆಗಳ ವಿಷಯ ಬೇರೆ ವಿಭಾಗ ನೋಡುತ್ತದೆ. ಅದನ್ನು ಈಗ ಕೇಳಬೇಡಿ."

ಅವಳ ಮೇಲೆ ಸಿಟ್ಟು ಮಾಡಬೇಕೆಂದು ನನಗೆ ಅನಿಸಿತು. ಆದರೆ ಕೆಸರಿಗೆ ಇಳಿದು ಅಳೆದವಳು ಅವಳು. ಸಿಟ್ಟು ಮಾಡಲು ಆ ಕಚೇರಿಯಲ್ಲಿ ಬೇರೆ ಯಾರೂ ನನಗೆ ಗೊತ್ತಿರಲಿಲ್ಲ.

ಆಮೇಲೆ ನಾನು ಅರ್ಜಿಗಳನ್ನು ಬರೆದೆ. ಬಾಲವಾಡಿಯ ಪಕ್ಕದ ಜಾಗ ಇನ್ನೊಂದು ಇಲಾಖೆಯದೆಂದು ತಿಳಿಯಿತು. ಅವರು ಅಲ್ಲಿ ಮುರಿದ ಗಾಡಿಗಳನ್ನು ತಂದು ಹಾಕುತ್ತಿದ್ದರು. ಆ ಇಲಾಖೆಗೆ ಒಂದು ಅರ್ಜಿ. ವಾರ್ಡಿಗೆ ಒಂದು. ಮೇಲಿನ ಕಚೇರಿಗೆ ಒಂದು. ಹೆಬ್ಬೆಟ್ಟು, ಸಹಿ ಎಲ್ಲ ಮನೆಮನೆಗೆ ಹೋಗಿ ಹಾಕಿಸಿದೆ. ಹತ್ತಾರು ಹೆಂಗಸರು ಒಂದು ದಿನದ ಕೆಲಸ ಬಿಟ್ಟು ನನ್ನ ಜೊತೆ ಬಂದರು. ಎಲ್ಲ ಕಡೆಯೂ ಅರ್ಜಿ ತೆಗೆದುಕೊಂಡರು, ಪ್ರತಿಯ ಮೇಲೆ ಸಿಕ್ಕಾ ಹೊಡೆದು ಕೊಟ್ಟರು. ಉತ್ತರವೂ ಬಂತು: ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ. ಮೂರು ಕಡೆಯಿಂದಲೂ ಅದೇ. ನಮ್ಮ ನಗರಸೇವಕರಾಗಿದ್ದವರ ಮನೆಗೂ ಹೋದೆವು. ಆಗ ಮಹಾನಗರ ಪಾಲಿಕೆಗೆ ಚುನಾವಣೆಯಾಗದೆ ವರ್ಷಗಳಾಗಿದ್ದವು. ಅವರು ಚಹಾ ಕೊಡಿಸಿದರು. "ನಾನು ಈಗ ಮಾಜಿ. ನನ್ನ ಕಾಗದವನ್ನು ಯಾರೂ ಓದುವುದಿಲ್ಲ. ನಿಮ್ಮ ಕಾಗದವೇ ನನ್ನದಕ್ಕಿಂತ ಮೇಲು" ಎಂದರು. ಅವರ ಮುಖ ನೋಡಿದರೆ ಸುಳ್ಳು ಹೇಳುತ್ತಿದ್ದಾರೆ ಅನಿಸಲಿಲ್ಲ.

ತಿರುಗಿ ಬರುವಾಗ ಪಕ್ಕದ ಮನೆಯವಳು, "ಮತ್ತ ತಂಬಿಗಿ ಹಿಡಕೊಂಡು ಮೆಟ್ಟಲದ ಮ್ಯಾಲ ಕುಂಡ್ರೂಣೇನು, ನಿಮ್ಮ ಅತ್ತಿ ಕುಂತಂಗ?" ಎಂದಳು. ಯಾರ ಮೆಟ್ಟಿಲ ಮೇಲೆ ಎಂದು ನಾನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಅತ್ತೆಯ ಕಾಲಕ್ಕೆ ಒಂದೇ ಕಚೇರಿ, ಒಬ್ಬನೇ ಸಾಹೇಬ, ಅವನು ಆಗುವುದಿಲ್ಲ ಎಂದಿದ್ದ. ನಮಗೆ ಯಾರೂ ಆಗುವುದಿಲ್ಲ ಎಂದಿರಲಿಲ್ಲ.

ಆ ಚಳಿಗಾಲದಲ್ಲಿ ಅತ್ತೆಗೆ ಜ್ವರ ಬಂತು. ಬೆನ್ನಿನ ಕೆಳಗೆ ನೋವು, ಮೈಯೆಲ್ಲ ನಡುಕ. ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ರಿಪೋರ್ಟು ನೋಡಿ, ಮೂತ್ರದ ಸೋಂಕು ಮೂತ್ರಪಿಂಡದವರೆಗೆ ಏರಿದೆ ಎಂದರು. ನಾಲ್ಕು ದಿನ ಸಲಾಯಿನ್ ಹಚ್ಚಿ ಇಟ್ಟುಕೊಂಡರು. ಬಿಡುವ ದಿನ ನನ್ನನ್ನು ಕರೆದು, "ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ?" ಎಂದು ಕೇಳಿದರು. ನಾನು ಲೆಕ್ಕ ಹಾಕಿದೆ. ಬೆಳಿಗ್ಗೆ ಚಹಾ, ಗುಳಿಗೆಯ ಜೊತೆ ಒಂದು ಗುಟುಕು, ಮಧ್ಯಾಹ್ನ ಊಟಕ್ಕೆ ಅರ್ಧ ಲೋಟ. ಬಾಯಿ ತೆರೆದು ಹೇಳುವಾಗ ನನಗೇ ನಾಚಿಕೆಯಾಯಿತು. ಅವರು ಬೈಯಲಿಲ್ಲ. "ಹಗಲು ರಾತ್ರಿ ನೀರು ಕುಡಿಸಿ. ತಡೆದು ಕೂರಬಾರದು. ಮತ್ತೊಮ್ಮೆ ಹೀಗಾದರೆ ಕಷ್ಟ" ಎಂದರು.

ನಮ್ಮ ಮನೆಯವರು ಅಂದು ಕೆಲಸಕ್ಕೆ ಹೋಗಲಿಲ್ಲ. ಅಡುಗೆಯ ಕಟ್ಟೆಯ ಪಕ್ಕದ ಮೂಲೆಯನ್ನು ನೋಡುತ್ತ ಕುಳಿತರು. ಮಾರನೆಯ ದಿನ ಒಂದು ಫ್ಲ್ಯಾಟಿನಲ್ಲಿ ಕಿತ್ತು ಹಾಕಿದ ಕಮೋಡನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ಬಿಳಿಯದು, ಎಲ್ಲೂ ಒಡೆದಿರಲಿಲ್ಲ.

"ಮೂರ ಫೂಟ್ ಜಾಗ ಸಾಕು. ನಾ ಎರಡ ದಿನದಾಗ ಕುಂಡ್ರಸ್ತೀನಿ" ಎಂದರು.

"ಪೈಪ್ ಎಲ್ಲಿಗಿ ಜೋಡಸ್ತೀರಿ?" ಎಂದೆ.

ಅವರಿಗೂ ಗೊತ್ತಿತ್ತು. ನಮ್ಮ ಗಲ್ಲಿಯ ಒಳಚರಂಡಿ ಕೆಳಗೆ ಹೋಗಿ ಸೇರುತ್ತಿದ್ದುದು ಅದೇ ಮುರಿದ ಪೈಪಿಗೆ. ಅದರ ದುರಸ್ತಿಯೂ ಅದೇ ಪಟ್ಟಿಯಲ್ಲಿತ್ತು, ಅದೇ ಗೆರೆಯೊಳಗಿತ್ತು. ಬಚ್ಚಲ ನೀರೇ ಗಲ್ಲಿಯಲ್ಲಿ ಹರಿಯುತ್ತಿತ್ತು. ಆದರೂ ಅವರು ಒಂದು ದಿನ ಗಲ್ಲಿಯ ಮೂರು ಕಡೆ ಅಗೆದು ನೋಡಿದರು. ಎಲ್ಲ ಕಡೆ ಕೆಸರು ಗಟ್ಟಿಯಾಗಿ ತುಂಬಿತ್ತು. ಸಂಜೆ ಅಗೆದದ್ದನ್ನು ತಾವೇ ಮುಚ್ಚಿದರು. ಕೆಲಸ ಹಿಡಿದ ಈ ಹತ್ತು ಹದಿನೈದು ವರ್ಷದಲ್ಲಿ ಅವರು ಎಷ್ಟು ಬಚ್ಚಲುಮನೆ ಮಾಡಿರಬೇಕು ಎಂದು ನನಗೆ ಕೇಳಬೇಕೆನಿಸಿತು, ಕೇಳಲಿಲ್ಲ. ಕಮೋಡನ್ನು ವಾರದ ಮೇಲೆ ಗುಜರಿಯವನು ಒಯ್ದ.

ಕೊನೆಗೆ ನಡುವೆ ತೂತಿದ್ದ ಒಂದು ಪ್ಲಾಸ್ಟಿಕ್ ಕುರ್ಚಿ ತಂದೆವು, ಕೆಳಗೆ ಮುಚ್ಚಳದ ಬಕೆಟ್ಟು. ಸೀರೆಯಿಂದ ಮೂಲೆಗೆ ಪರದೆ ಕಟ್ಟಿದೆ. ಜ್ವರದ ನಿತ್ರಾಣದಲ್ಲಿ ಅತ್ತೆ ಎರಡು ದಿನ ಅದರಲ್ಲಿ ಕುಳಿತರು. ಮೂರನೆಯ ದಿನ ನಾನು ಬಕೆಟ್ಟು ಎತ್ತಿಕೊಂಡು ಹೊರಗೆ ಹೊರಟಾಗ ಕೈ ಹಿಡಿದರು.

"ಇಡು ಅದನ್ನ ಕೆಳಗ."

"ಇರ್ಲಿ ಬಿಡ್ರಿ ಅತ್ತಿ. ಬಾಲವಾಡಿ ಮಕ್ಕಳದು ತಗದಿಲ್ಲೇನು ನಾ?"

"ಮಕ್ಕಳದು ಬ್ಯಾರೆ. ಈ ಬಕೀಟ್ ಹಿಡಕೊಂಡು ನೀ ಹಗಲಾಗ ಗಲ್ಲ್ಯಾಗ ಹೋಗಾದು ನಾ ನೋಡಂಗಿಲ್ಲ. ನಮ್ಮ ಮಂದಿಗಿ ಈ ಕೆಲಸ ಮಾಡಂತ ಹೇಳಿದವರ ಹಂತ್ಯಾಕಿಂದ ಓಡಿ ಬಂದೀನಿ ನಾ ಈ ಊರಿಗಿ." ಅವರ ಕಣ್ಣಲ್ಲಿ ನೀರಿತ್ತು. ನನಗೆ ಆ ಕಥೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಊರಲ್ಲಿ ಯಾರು ಹೇಳಿದ್ದರು, ಏನಾಯಿತು ಎಂದು ಕೇಳಿದರೆ ಮುಖ ತಿರುಗಿಸಿದರು. ಮರುದಿನ ಬೆಳಿಗ್ಗೆ ನನಗೆ ಹೇಳದೆ ಒಬ್ಬರೇ ದಿಬ್ಬ ಹತ್ತಲು ಹೋಗಿ, ಅರ್ಧ ದಾರಿಯಲ್ಲಿ ಕಟ್ಟೆಯ ಮೇಲೆ ಕುಳಿತಿದ್ದರು. ಸೀರೆ ಒದ್ದೆಯಾಗಿತ್ತು. ನಾನು ನನ್ನ ದುಪಟ್ಟಾ ತೆಗೆದು ಸುತ್ತಿ ಕರೆತಂದೆ.

ನಾದಿನಿ ಪುಣೆ ಜಿಲ್ಲೆಯ ಶಿರೂರಿನಲ್ಲಿದ್ದಾಳೆ. ಅವಳ ಗಂಡ ಅಲ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ತೂಕದ ಕೆಲಸ ಮಾಡುತ್ತಾನೆ. ಬಾಡಿಗೆಯ ಎರಡು ಕೋಣೆ, ಒಳಗೇ ಸಂಡಾಸ. "ಅವ್ವನ್ನ ಇಲ್ಲಿ ಕಳಸ್ರಿ" ಎಂದು ಅವಳು ಮೊದಲಿಂದ ಹೇಳುತ್ತಿದ್ದಳು. ಮಗಳ ಮನೆಯಲ್ಲಿ ಹೋಗಿ ಕೂರುವುದು ಅತ್ತೆಗೆ ಬೇಡವಿತ್ತು. ಅಳಿಯ ಒಳ್ಳೆಯವನು, ಆದರೂ ಅಳಿಯ. ಈ ಸಲ ಅವರನ್ನು ಯಾರೂ ಕೇಳಲಿಲ್ಲ. ಸಂಡಾಸ ಕಟ್ಟುವವರೆಗೆ ಎಂದು ಹೇಳಿ, ನಮ್ಮ ಮನೆಯವರು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬಂದರು. ಮನೆಗೆ ಬಂದು ಕೈಕಾಲು ತೊಳೆಯದೆ ಮಲಗಿದರು.

ಮಾರ್ಚಿನಲ್ಲಿ ಹುಡುಗಿಯ ಫೋನು ಬಂತು. ಬೇರೆ ವಾರ್ಡಿಗೆ ವರ್ಗವಾಗಿದೆಯಂತೆ. "ತಾಈ, ನಾನು ಹೋಗುವ ಮೊದಲು ನಿಮಗೆ ನಾನೇ ಹೇಳಬೇಕು ಅನಿಸಿತು. ಆ ಅನುದಾನದ ಅವಧಿ ಮುಗಿಯಿತು. ಖರ್ಚಾಗದೆ ಉಳಿದದ್ದು ತಿರುಗಿ ಹೋಗುತ್ತದೆ" ಎಂದಳು. ಮತ್ತೆ ಬರುತ್ತದೇನು ಎಂದು ಕೇಳಿದೆ. "ಹೊಸ ಪ್ರಸ್ತಾವ ಹಾಕಬೇಕು. ಜಾಗ ಸಿಕ್ಕರೆ. ನನ್ನ ಜಾಗಕ್ಕೆ ಬರುವವರಿಗೆ ಕಡತ ಕೊಟ್ಟಿದ್ದೇನೆ, ಮೇಲೆ ನಿಮ್ಮ ನಂಬರು ಬರೆದಿದ್ದೇನೆ." ಆಮೇಲೆ, "ಆಜಿ ಹೇಗಿದ್ದಾರೆ?" ಎಂದಳು. ಚೆನ್ನಾಗಿದ್ದಾರೆ ಎಂದೆ. ಇದುವರೆಗೆ ಆ ನಂಬರಿಗೆ ಯಾರ ಫೋನೂ ಬಂದಿಲ್ಲ.

ಬಾಲವಾಡಿಗೆ ಬೇಸಿಗೆ ರಜೆ ಬಿಟ್ಟ ಮೇಲೆ ನಾನು ಶಿರೂರಿಗೆ ಹೋದೆ. ಅತ್ತೆ ಮೈಕೈ ತುಂಬಿಕೊಂಡಿದ್ದರು. ಊಟ ಸರಿಯಾಗಿ ಮಾಡುತ್ತಾರೆ, ರಾತ್ರಿ ನಿದ್ದೆ ಬರುತ್ತದೆ ಎಂದು ನಾದಿನಿ ಹೇಳಿದಳು. ಆದರೆ ಅವರು ಕುಳಿತಿದ್ದದ್ದು ಹೊರಬಾಗಿಲಿನ ಪಕ್ಕಕ್ಕೆ, ಬಂದು ಹೋಗುವವರು ಕುಳಿತ ಹಾಗೆ. ಅಳಿಯ ಒಳಗೆ ಬಂದರೆ ಸೆರಗು ಹೊದ್ದು ಎದ್ದು ನಿಲ್ಲುತ್ತಿದ್ದರು. ವಸ್ತಿಯ ಒಬ್ಬೊಬ್ಬರ ಸುದ್ದಿಯನ್ನೂ ಕೇಳಿದರು. ಯಾರ ಸೊಸೆಗೆ ಹೆರಿಗೆಯಾಯಿತು, ಯಾರ ಮಗನ ಮದುವೆ ಗಟ್ಟಿಯಾಯಿತು, ಎಲ್ಲ. ಆಮೇಲೆ ದನಿ ತಗ್ಗಿಸಿ, "ಕೆಲಸ ಎಲ್ಲಿಗಿ ಬಂತವ್ವ?" ಎಂದರು.

ಬಸ್ಸಿನಲ್ಲಿ ಬರುವಾಗ ಇದನ್ನು ಹೇಗೆ ಹೇಳಬೇಕೆಂದು ಯೋಚಿಸಿಯೇ ಬಂದಿದ್ದೆ. ಅವರ ಮುಖ ನೋಡಿದ ಮೇಲೆ ಬಾಯಿಗೆ ಬೇರೆಯೇ ಬಂತು.

"ಹಿಡದಾರ್ರಿ ಅತ್ತಿ. ಪಾಯ ತಗದಾರ."

"ಎಷ್ಟ ಆಳ ತಗದಾರ?"

"ನೀವು ಹೇಳಿದ್ರಲ್ಲ, ಅಷ್ಟ."

ಅವರು ತಲೆಯಾಡಿಸಿದರು. ನಾದಿನಿ ಚಹಾ ತಂದಳು. ನಾನು ಚಹಾ ಕುಡಿಯುತ್ತಿರುವಾಗ ಅತ್ತೆ ಎದ್ದು ಒಳಗೆ ಹೋದರು. ಬಹಳ ಹೊತ್ತಾದರೂ ಬರಲಿಲ್ಲವೆಂದು ಹೋಗಿ ನೋಡಿದರೆ, ನೆಲದ ಮೇಲೆ ಕಾಲು ಚಾಚಿ ಕುಳಿತು ಬಟ್ಟೆಯ ಚೀಲದಲ್ಲಿ ಸೀರೆಗಳನ್ನು ತುಂಬುತ್ತಿದ್ದರು. ಕನ್ನಡಕದ ಡಬ್ಬಿ, ಗುಳಿಗೆಯ ಚೀಟಿ, ಎಲೆಯಡಿಕೆಯ ಸಂಚಿ ಎಲ್ಲ ಪಕ್ಕದಲ್ಲಿತ್ತು.

"ಏನ್ ಮಾಡ್ಲತ್ತೀರಿ?"

"ಪಾಯ ತಗದಾರಂದ್ರ ಇನ್ನೆಷ್ಟ ದಿನ? ಎರಡ ತಿಂಗಳು. ಅಲ್ಲೀತನಕ ಹ್ಯಾಂಗರ ತಡೀತೀನಿ. ಕಟ್ಟಾವ್ರ ಮುಂದ ಯಾರರ ಬೇಕು. ನಾ ಇದ್ರ ಹಿಡಿಕಿ ಹಾಕಸ್ತೀನಿ" ಎಂದರು. ಇಷ್ಟು ದಿನದಲ್ಲಿ ಅವರು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ.

ನಾನು ಬಾಗಿಲಿಗೆ ಒರಗಿ ನಿಂತೆ. ಹಿಂದೆ ನಾದಿನಿ ಬಂದು ನಿಂತಿದ್ದಳು. ಅವಳಿಗೆ ನಿಜ ಗೊತ್ತಿತ್ತು, ನಾನೇ ಫೋನಿನಲ್ಲಿ ಹೇಳಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಅವರು ಚಪ್ಪಲಿ ಹಾಕಿಕೊಂಡು ಹೊರಗೆ ಬಂದುಬಿಡುತ್ತಿದ್ದರು.

"ಅತ್ತಿ, ಪಾಯ ತಗದಿಲ್ರಿ" ಎಂದೆ. "ನಾ ಸುಳ್ಳು ಹೇಳಿದೆ. ರೊಕ್ಕ ಬಂದಿತ್ತು, ತಿರುಗಿ ಹೋತು. ಆ ಜಾಗದಾಗ ಕಟ್ಟಂಗಿಲ್ಲಂತ. ಬ್ಯಾರೆ ಜಾಗ ಕೊಡಂಗಿಲ್ಲಂತ."

ಅವರು ಸೀರೆಯ ಮಡಿಕೆಯ ಮೇಲೆ ಕೈ ಇಟ್ಟುಕೊಂಡು ಕೇಳಿದರು. "ಮತ್ತ ಯಾವಾಗ ಕಟ್ಟತಾರಂತ?"

"ಗೊತ್ತಿಲ್ರಿ."

"ಯಾರಿಗಿ ಕೇಳ್ಬೇಕಂತ?"

"ಅದೂ ಗೊತ್ತಿಲ್ರಿ ಅತ್ತಿ. ಕೇಳಾವ್ರಿಗೆಲ್ಲ ಕೇಳೀನಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಗುಳಿಗೆಯ ಚೀಟಿ, ಕನ್ನಡಕದ ಡಬ್ಬಿ, ಸಂಚಿಯನ್ನು ತಮ್ಮ ಮಗ್ಗುಲಿಗೆ ಎಳೆದಿಟ್ಟುಕೊಂಡರು. "ನೀ ಯಾಕ ಅಳ್ತಿ, ನಿನಗೇನ್ ಮಾಡಾಕ ಬರ್ತದ ಅದಕ್ಕ" ಎಂದರು. ನಾನು ಅಳುತ್ತಿದ್ದೇನೆಂದು ನನಗೆ ಆಗಲೇ ಗೊತ್ತಾದದ್ದು.

ಸಂಜೆಯ ಬಸ್ಸಿಗೆ ಹೊರಡುವಾಗ ಆ ಬಟ್ಟೆಯ ಚೀಲವನ್ನು ನನ್ನ ಕೈಗೆ ಕೊಟ್ಟರು. ಒಳಗೆ ಎರಡು ಸೀರೆ ಇದ್ದವು, ಒಂದು ಇಳಕಲ್ಲಿನದು, ಒಂದು ದಿನಬಳಕೆಯದು.

"ಇವನ್ನ ವೈದು ಅಲ್ಲಿ ನನ್ನ ಪೆಟಿಗ್ಯಾಗ ಇಡು" ಎಂದರು. "ಎಲ್ಲಾ ಇಲ್ಲೇ ತಂದಿಟ್ಕೊಂಡ್ರ ಚಂದ ಕಾಣಸಂಗಿಲ್ಲ."

ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪುಣೆಗೆ ಬಂದೆ.